ಹುಣಸೆ ಬೀಜ ಮತ್ತು ಬೀರುವಿನ ಕೀಲಿ

ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗಿದ್ದಾಗ, ಗಣಿತದ ಕಲಿಕೋಪಕರಣ ಏನೇನಿದೆ ತೋರಿಸಿ ಎಂದು ಕೇಳಿದೆ. ಮುಖ್ಯಶಿಕ್ಷಕರು ಖುಷಿಯಿಂದಲೇ ಎದ್ದರು. ಬೀರುವಿನ ಕೀಲಿ ಮಾತ್ರ ಸಿಗಲಿಲ್ಲ. ಮೇಜಿನ ಡ್ರಾಯರ್ ಹುಡುಕಿದರು, ಗೋಡೆಯ ಪಟದ ಹಿಂದೆ ಕೈಯಾಡಿಸಿದರು, ಕೊನೆಗೆ ಬಿಸಿಯೂಟದ ಅಕ್ಕನನ್ನೂ ಕೂಗಿ ಕೇಳಿದರು. ತರಬೇತಿಗೆ ಹೋಗಿದ್ದ ಮೇಷ್ಟರ ಜೇಬಿನಲ್ಲಿ ಕೀಲಿ ತಾಲ್ಲೂಕು ಕೇಂದ್ರ ಸೇರಿತ್ತು. ಅವರು ಹುಡುಕುತ್ತಿದ್ದಷ್ಟು ಹೊತ್ತೂ ಹೊರಗೆ ಜಗಲಿಯಲ್ಲಿ ನಾಲ್ವರು ಹುಡುಗಿಯರು ಸೀಮೆಸುಣ್ಣದಲ್ಲಿ ಗೀಚಿದ ಮನೆಗಳ ಸುತ್ತ ಕೂತು ಚೌಕಾಬಾರ ಆಡುತ್ತಿದ್ದರು. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜಗಳೇ ಅವರ ಕವಡೆ.

ನಾಲ್ಕೂ ಬಿಳಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಮೇಲಾದರೆ ಬಾರ, ಅಂದರೆ ಎಂಟು. ಎಷ್ಟು ಬಿದ್ದರೆ ಎದುರಾಳಿಯ ಕಾಯಿ ಕಡಿಯಬಹುದು, ಎಷ್ಟು ಬಿದ್ದರೆ ತಮ್ಮ ಕಾಯಿ ಕಟ್ಟೆ ಸೇರುತ್ತದೆ ಎಂಬ ಲೆಕ್ಕವನ್ನು ಅವರು ಬೆರಳು ಮಡಿಸದೆ ಹಾಕುತ್ತಿದ್ದರು. ಬೀಜದ ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಎಂಟು ಬೀಳುವ ಸಾಧ್ಯತೆ ಹದಿನಾರರಲ್ಲಿ ಒಂದು, ಎರಡು ಬೀಳುವ ಸಾಧ್ಯತೆ ಹದಿನಾರರಲ್ಲಿ ಆರು. ನಿಜವಾದ ಬೀಜ ಅಷ್ಟು ನ್ಯಾಯವಾಗಿ ಬೀಳುವುದಿಲ್ಲ ಎಂಬುದು ಅದಕ್ಕಿಂತ ಒಳ್ಳೆಯ ಪಾಠ. ಹೈಸ್ಕೂಲಿನ ಸಂಭವನೀಯತೆಯ ಅಧ್ಯಾಯ ಜಗಲಿಯ ಮೇಲೆ ನಡೆದಿತ್ತು. ಗಣಿತದ ಕಿಟ್ಟು ಒಳಗೆ ಬೀಗ ಹಾಕಿಸಿಕೊಂಡು ಕೂತಿತ್ತು.

ಕಡಿಮೆ ಖರ್ಚಿನ ಕಲಿಕೋಪಕರಣಗಳ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಡಿ.ಇಡಿ., ಬಿ.ಇಡಿ. ಓದಿದವರೆಲ್ಲ ಅದರ ಮೇಲೆ ಒಂದು ಪ್ರಶ್ನೆಗಾದರೂ ಉತ್ತರ ಬರೆದಿರುತ್ತಾರೆ. ಆದರೆ ಅವು ನಿಜಕ್ಕೂ ಕಲಿಸುತ್ತವೆಯೇ, ಯಾವಾಗ ಕಲಿಸುತ್ತವೆ, ಯಾರ ಖರ್ಚಿನಲ್ಲಿ ಕಡಿಮೆ ಖರ್ಚಿನವು ಎಂದು ಕೇಳಿದರೆ ಮಾತು ತೊದಲುತ್ತದೆ. ಈ ಲೇಖನದ ಉದ್ದಕ್ಕೂ ನನ್ನ ವಾದ ಒಂದೇ: ವಸ್ತುವಿನ ಬೆಲೆಗಿಂತ ಅದರ ಮೇಲಿನ ಬೀಗ ದೊಡ್ಡ ಸಮಸ್ಯೆ.

ಮರಳು, ಕಡತ, ತಕಲಿ

ಅಗ್ಗದ ಸಾಮಗ್ರಿಯಲ್ಲಿ ಕಲಿಸುವುದು ಇಲಾಖೆ ಹುಟ್ಟುಹಾಕಿದ ಯೋಚನೆಯಲ್ಲ. ನಮ್ಮ ಅಜ್ಜಂದಿರ ಕಾಲದ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ತಪ್ಪಾದರೆ ಅಂಗೈಯಿಂದ ಒಮ್ಮೆ ಸವರಿದರೆ ಸಾಕು. ತಪ್ಪಿಗೆ ಇಷ್ಟು ಸಲೀಸಾಗಿ ಕ್ಷಮೆ ಕೊಡುವ ಉಪಕರಣ ಆಮೇಲೆ ಬರಲಿಲ್ಲ. ಮದರಾಸಿನ ಎಗ್ಮೋರಿನಲ್ಲಿ ಅನಾಥಾಲಯದ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಊರಿನ ಶಾಲೆಯ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನೇ ಜಾರಿಗೆ ತಂದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಅದರ ಜೊತೆ ಸೇರಿಸಿ 1797ರಲ್ಲಿ ಲಂಡನ್ನಿನಲ್ಲಿ ವರದಿ ಪ್ರಕಟಿಸಿದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆ ಮರಳಿನ ತಟ್ಟೆ ಹೋಗಿದ್ದು ಹೀಗೆ. ಅಗ್ಗದ ಕಲಿಕೋಪಕರಣವನ್ನು ನಾವು ಒಮ್ಮೆ ರಫ್ತು ಮಾಡಿದವರು.

ನಮ್ಮದೇ ಇನ್ನೊಂದು ಹಳೆಯ ಉಪಕರಣ ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಮಠಗಳ ದಾಖಲೆ, ವರ್ತಕರ ಲೆಕ್ಕ ಎಲ್ಲ ಅದರಲ್ಲೇ ಇರುತ್ತಿತ್ತು. ಇವತ್ತು ಕಡತ ಎಂದರೆ ಕಚೇರಿಯ ಫೈಲು. ಪದ ಬೀರು ಸೇರಿತು, ವಸ್ತು ಕಾಣೆಯಾಯಿತು.

ಇಪ್ಪತ್ತನೆಯ ಶತಮಾನದ ದೊಡ್ಡ ಹೆಸರುಗಳನ್ನು ಬೇಗ ದಾಟಿಬಿಡೋಣ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಅವರ ಮರಳುಕಾಗದದ ಅಕ್ಷರಗಳನ್ನು ಯಾವ ಮೇಷ್ಟರು ಬೇಕಾದರೂ ಸಂಜೆ ಕೂತು ಕತ್ತರಿಸಬಹುದು. ಇವತ್ತು ಮಾಂಟೆಸ್ಸೊರಿ ಎಂಬ ಹೆಸರು ನಮ್ಮ ನಗರಗಳಲ್ಲಿ ದುಬಾರಿ ಶುಲ್ಕದ ಫಲಕವಾಗಿದೆ. ಅದು ಅವರ ತಪ್ಪಲ್ಲ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ಆ ವಿಚಾರಗಳನ್ನು ನಮ್ಮ ಮಣ್ಣಿಗೆ ಒಗ್ಗಿಸಿದರು. 1937ರ ವಾರ್ಧಾ ಸಮ್ಮೇಳನದ ನಂತರ ಗಾಂಧೀಜಿಯ ನಯೀ ತಾಲೀಮು ಎಂಬ ಶಿಕ್ಷಣ ಕ್ರಮ ನೂಲು ತೆಗೆಯುವ ತಕಲಿಯನ್ನೇ ಗಣಿತ, ಭೂಗೋಳ, ಚರಿತ್ರೆಯ ಉಪಕರಣವಾಗಿಸಿತು. ಯುದ್ಧದಲ್ಲಿ ಹಾಳಾದ ದೇಶಗಳ ವಿಜ್ಞಾನ ಶಿಕ್ಷಕರಿಗಾಗಿ 1948ರಲ್ಲಿ ಬಂದ ಒಂದು ಸಣ್ಣ ಪುಸ್ತಕವನ್ನು ಬೆಳೆಸಿ ಯುನೆಸ್ಕೊ 1956ರಲ್ಲಿ ವಿಜ್ಞಾನ ಬೋಧನೆಯ ಆಕರ ಗ್ರಂಥ ತಂದಿತು. ಡಬ್ಬಿ, ಬಾಟಲಿ, ತಂತಿಗಳಿಂದ ಪ್ರಯೋಗ ಮಾಡುವ ವಿದ್ಯೆ ಲೋಕದ ಶಾಲೆಗಳಿಗೆ ಹಬ್ಬಿದ್ದರಲ್ಲಿ ಅದರ ಪಾಲು ದೊಡ್ಡದು.

ನಿಂತು ನೋಡಬೇಕಾದ ಪ್ರಯೋಗ ಮಧ್ಯಪ್ರದೇಶದ ಹೋಶಂಗಾಬಾದಿನದು. 1972ರಲ್ಲಿ ಕಿಶೋರ್ ಭಾರತಿ ಎಂಬ ಸಂಸ್ಥೆ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸಲು ಹೊರಟವು. ಮಕ್ಕಳ ಪುಸ್ತಕದಲ್ಲಿ ಪ್ರಶ್ನೆ ಮತ್ತು ಪ್ರಯೋಗಗಳಿದ್ದವು, ಬಾಯಿಪಾಠಕ್ಕೆ ಸಿದ್ಧ ಉತ್ತರ ಇರಲಿಲ್ಲ. ಸಂತೆಯಲ್ಲಿ ಸಿಗುವ ಸಾಮಾನಿನಿಂದಲೇ ಬಹುಪಾಲು ಕಿಟ್ಟು. 1978ರಲ್ಲಿ ಪುಣೆಯ ಟೆಲ್ಕೊ ಕಂಪನಿಯಿಂದ ಒಂದು ವರ್ಷ ರಜೆ ಹಾಕಿ ಇಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತಾ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್‌ಟ್ಯೂಬಿನಲ್ಲಿ ಏನು ಮಾಡಬಹುದು ಎಂದು ಕಂಡುಕೊಂಡರು. ಮದ್ದು ಕೆರೆದ ಮೂರು ಕಡ್ಡಿಗಳನ್ನು ರಬ್ಬರ್ ನಳಿಗೆಯ ತುಂಡುಗಳಿಂದ ಸೇರಿಸಿದರೆ ತ್ರಿಭುಜ. ಎಷ್ಟು ಒತ್ತಿದರೂ ಅದರ ಆಕಾರ ಕೆಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಮಾತ್ರ ಬೆರಳು ತಾಗಿದೊಡನೆ ಓರೆಯಾಗುತ್ತದೆ. ಒಂದು ಕರ್ಣ ಹಾಕಿದರೆ ಮತ್ತೆ ಗಟ್ಟಿ. ನಮ್ಮ ಹಂಚಿನ ಮನೆಯ ಮಾಡಿಗೆ, ವಿದ್ಯುತ್ ಗೋಪುರಕ್ಕೆ, ರೈಲು ಸೇತುವೆಗೆ ಯಾಕೆ ಅಷ್ಟೊಂದು ತ್ರಿಭುಜ ಎಂದು ಇದಾದ ಮೇಲೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. 1987ರಲ್ಲಿ ಈ ಮಾದರಿಗಳ ಪುಸ್ತಕ ಬಂತು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದರೆ ಹೋಶಂಗಾಬಾದಿನ ಕಥೆಯಲ್ಲಿ ಜನ ಮರೆಯುವುದು ಬೇರೆಯದು. ಅಲ್ಲಿ ಕಿಟ್ಟಿನ ಜೊತೆಗೆ ಶಿಕ್ಷಕರ ತಿಂಗಳ ಸಭೆ ಇತ್ತು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ ಇತ್ತು, ಪ್ರಯೋಗದ ಪರೀಕ್ಷೆಯೂ ಇತ್ತು. ಪರೀಕ್ಷೆ ಬದಲಾಗದೆ ಬೋಧನೆ ಮಾತ್ರ ಬದಲಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಕೆಲಸವನ್ನು ಮುಂದುವರಿಸಲು 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿತು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನೇ ನಿಲ್ಲಿಸಿತು. ಬೆಂಕಿಕಡ್ಡಿಯ ಮಾದರಿಗಳು ಉಳಿದು ದೇಶವೆಲ್ಲ ಸುತ್ತಿದವು. ಅವುಗಳನ್ನು ಹೊತ್ತುಕೊಂಡಿದ್ದ ವ್ಯವಸ್ಥೆ ಉಳಿಯಲಿಲ್ಲ. ಇದನ್ನು ನಾನು ಸಣ್ಣ ನಷ್ಟ ಎಂದುಕೊಂಡಿಲ್ಲ.

ಐನೂರು ರೂಪಾಯಿಯ ಕಾಲ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದಷ್ಟು ಪಾಠೋಪಕರಣ ಎಂಬುದು ಅದರ ಲೆಕ್ಕ. ಗೋಳ, ನಕಾಶೆ, ವಿಜ್ಞಾನದ ಪೆಟ್ಟಿಗೆ ಬಂದವು. ದಾಸ್ತಾನು ವಹಿಯಲ್ಲಿ ಏರಿದವು. ಒಡೆದರೆ ಉತ್ತರ ಕೊಡಬೇಕಾದವರು ಮುಖ್ಯಶಿಕ್ಷಕರು. ಬೀರುವಿನ ಸಂಸ್ಕೃತಿ ಹುಟ್ಟಿದ್ದು ಸೋಮಾರಿತನದಿಂದಲ್ಲ, ಆಡಿಟ್ ಭಯದಿಂದ. ಮಕ್ಕಳ ಕೈಗೆ ಕೊಟ್ಟ ಗೋಳದ ಬಣ್ಣ ಒಂದೇ ವರ್ಷದಲ್ಲಿ ಮಾಸುತ್ತದೆ. ಬೀರುವಿನಲ್ಲಿಟ್ಟ ಗೋಳ ಮೇಷ್ಟರು ನಿವೃತ್ತರಾಗುವವರೆಗೂ ಹೊಸದಾಗಿಯೇ ಇರುತ್ತದೆ.

ಆಮೇಲೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂತು, ಅದರ ಹಿಂದೆ ಸರ್ವ ಶಿಕ್ಷಾ ಅಭಿಯಾನ. ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ, ಕಲಿಕೋಪಕರಣ ಮಾಡಿಕೊಳ್ಳಲು. ಮೊತ್ತ ಸಣ್ಣದಾದರೂ ಅದರ ಹಿಂದಿನ ನಂಬಿಕೆ ದೊಡ್ಡದು: ತನ್ನ ತರಗತಿಗೆ ಏನು ಬೇಕು ಎಂದು ಶಿಕ್ಷಕರಿಗೇ ಗೊತ್ತು ಎಂದು ಸರ್ಕಾರ ಮೊದಲ ಸಲ ಕಾಗದದ ಮೇಲೆ ಒಪ್ಪಿಕೊಂಡಿತ್ತು. ಆ ಹಣದಲ್ಲಿ ಒಳ್ಳೆಯ ಕೆಲಸ ಮಾಡಿದವರನ್ನು ನಾನು ನೋಡಿದ್ದೇನೆ. ಮಾರ್ಚ್ ಕೊನೆಯ ವಾರದಲ್ಲಿ ಒಂದೇ ಸ್ಟೇಷನರಿ ಅಂಗಡಿಯಿಂದ ಸುತ್ತಲ ಶಾಲೆಗಳ ಇಡೀ ಕ್ಲಸ್ಟರಿಗೆ ಒಂದೇ ಬಗೆಯ ಚಾರ್ಟು, ಒಂದೇ ಬಗೆಯ ರಸೀದಿ ಬಂದದ್ದನ್ನೂ ನೋಡಿದ್ದೇನೆ.

ಇದೇ ಹೊತ್ತಿನಲ್ಲಿ ಕರ್ನಾಟಕದಲ್ಲಿ ನಡೆದದ್ದು ನಲಿಕಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ, ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ನೂರಾರು ಕಾರ್ಡುಗಳಾಗಿ ಬಿಡಿಸಿ, ಒಂದು ಏಣಿಯಲ್ಲಿ ಜೋಡಿಸಿದ್ದರು. ಮಗು ತನ್ನ ಮೆಟ್ಟಿಲು ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಅದನ್ನು ಕಣ್ಣಾರೆ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಮ್ಮದೇ ಹಾಡು, ಕಥೆ, ಆಟ ಸೇರಿಸಿ ಕನ್ನಡದ ಕಾರ್ಡುಗಳನ್ನು ಮಾಡಿದರು. ಕುಳಿತ ಮಗುವಿನ ಕೈಗೆಟುಕುವಂತೆ ಗೋಡೆಯ ಸುತ್ತ ಕಪ್ಪುಹಲಗೆ, ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಬಿಟ್ಟ ಚಪ್ಪರ, ನೆಲದ ಮೇಲೆ ಗುಂಪುಗಳು. ಕೋಣೆಯನ್ನೇ ಕಲಿಕೋಪಕರಣ ಮಾಡುವ ಉಪಾಯ ಅದು. ಖರ್ಚೆಂದರೆ ಮುಖ್ಯವಾಗಿ ರಟ್ಟು, ಬಣ್ಣ, ದಾರ.

2009-10ರಿಂದ ನಲಿಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಹಬ್ಬುವಾಗ ಒಂದು ಬದಲಾವಣೆ ಆಯಿತು. ಎಚ್.ಡಿ. ಕೋಟೆಯ ಶಿಕ್ಷಕಿಗೆ ಕಾರ್ಡು ತಾನು ಮಾಡಿದ್ದು. ಹರಿದರೆ ಇನ್ನೊಂದು ಬರೆಯುತ್ತಿದ್ದಳು, ಮಕ್ಕಳಿಗೆ ಹಿಡಿಸದಿದ್ದರೆ ಹಾಡು ಬದಲಿಸುತ್ತಿದ್ದಳು. ಉಳಿದ ಜಿಲ್ಲೆಗಳ ಶಿಕ್ಷಕಿಗೆ ಅದು ಅಚ್ಚಾಗಿ ಬಂದ ಸಾಮಾನು. ಬಂಡಲ್ ತಡವಾಗಿ ಬಂದರೆ, ಇಪ್ಪತ್ತು ಕಾರ್ಡು ಕಳೆದರೆ, ಏಣಿಯ ನಡುವಿನ ಮೆಟ್ಟಿಲೇ ಮುರಿದಂತೆ. ನಲಿಕಲಿ ಸೋತಿತು ಎನ್ನುವವರ ಜೊತೆ ನಾನಿಲ್ಲ. ಒಂದನೇ ತರಗತಿಯ ಮಕ್ಕಳು ಭಯವಿಲ್ಲದೆ ನೆಲದಲ್ಲಿ ಕೂತು, ತಮ್ಮ ಕಾರ್ಡು ತಾವೇ ಹುಡುಕುವ ದೃಶ್ಯ ನಮ್ಮ ಶಾಲೆಗಳಿಗೆ ಬಂದದ್ದೇ ಅದರಿಂದ. ಆದರೆ ಮಾಡುವ ಕೈ ಮತ್ತು ಬಳಸುವ ಕೈ ಬೇರೆಯಾದಾಗ ಏನು ಕಳೆದುಹೋಗುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.

ಚಾರ್ಟು ಕಲಿಸುತ್ತದೆಯೇ?

ಉಪಕರಣ ಇದ್ದರೆ ಕಲಿಕೆ ಆಗಿಯೇ ಆಗುತ್ತದೆ ಎಂಬ ನಂಬಿಕೆಗೆ ಒಂದು ಒಳ್ಳೆಯ ಪೆಟ್ಟು ಕೊಟ್ಟದ್ದು ಕೀನ್ಯಾದ ಅಧ್ಯಯನ. ಅಲ್ಲಿನ ಗ್ರಾಮೀಣ ಭಾಗದ 178 ಶಾಲೆಗಳನ್ನು ಆರಿಸಿ, ಅರ್ಧದಷ್ಟಕ್ಕೆ ವಿಜ್ಞಾನ, ಗಣಿತ, ಭೂಗೋಳ, ಆರೋಗ್ಯದ ದೊಡ್ಡ ಚಾರ್ಟುಗಳನ್ನು ಕೊಟ್ಟರು. ಮೊದಲೇ ಚಾರ್ಟು ಇದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ಮನೆ ಹೋಲಿಸಿದಾಗ ಚಾರ್ಟು ಇದ್ದಲ್ಲಿ ಅಂಕ ಚೆನ್ನಾಗಿತ್ತು. ಚೀಟಿ ಎತ್ತಿದಂತೆ ಹಂಚಿ ನೋಡಿದಾಗ ವ್ಯತ್ಯಾಸವೇ ಕಾಣಲಿಲ್ಲ. 2004ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳಿದ್ದು ಸರಳ: ಚಾರ್ಟು ಇರುವ ಶಾಲೆ ಬೇರೆ ಕಾರಣಗಳಿಗೂ ಒಳ್ಳೆಯ ಶಾಲೆಯಾಗಿರುತ್ತದೆ. ಹೆಸರನ್ನು ನಾವು ಚಾರ್ಟಿಗೆ ಕೊಟ್ಟುಬಿಡುತ್ತೇವೆ.

ಮುಟ್ಟಿ ಆಡಿಸುವ ವಸ್ತುಗಳ ಮಾತು ಸ್ವಲ್ಪ ಬೇರೆ. ಗಣಿತದಲ್ಲಿ ಇಂಥ ವಸ್ತುಗಳ ಬಳಕೆ ಕುರಿತ 55 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಫಲ ಇರುವುದು ಕಂಡಿತು. ಆದರೆ ಎಲ್ಲ ಕಡೆ ಸಮನಾಗಿ ಇರಲಿಲ್ಲ. ಶಿಕ್ಷಕರ ಮಾರ್ಗದರ್ಶನ ಎಷ್ಟಿತ್ತು ಎಂಬುದರ ಮೇಲೆ ಹೆಚ್ಚು ಕಡಿಮೆ ಆಗುತ್ತಿತ್ತು. ಇನ್ನೂ ಕುತೂಹಲದ್ದು 2009ರ ಇನ್ನೊಂದು ಅಧ್ಯಯನ. ನಿಜವಾದ ನೋಟು ನಾಣ್ಯದ ಹಾಗೇ ಕಾಣುವ ಹಣ ಕೈಗೆ ಸಿಕ್ಕ ಮಕ್ಕಳು ಲೆಕ್ಕದಲ್ಲಿ ಹೆಚ್ಚು ತಪ್ಪು ಮಾಡಿದರು. ವಸ್ತು ತುಂಬ ಚೆಂದವಾಗಿದ್ದರೆ ಮಗು ವಸ್ತುವನ್ನೇ ನೋಡುತ್ತದೆ, ಅದು ಸೂಚಿಸುವ ಸಂಖ್ಯೆಯನ್ನು ನೋಡುವುದಿಲ್ಲ. ಆದರೂ ಆ ಮಕ್ಕಳ ತಪ್ಪುಗಳಲ್ಲಿ ಲೆಕ್ಕದ ತಿರುಳೇ ತಿಳಿಯದೆ ಮಾಡಿದವು ಕಡಿಮೆ ಇದ್ದವು. ಏನೇ ಇರಲಿ, ಒಟ್ಟು ತಪ್ಪುಗಳ ಲೆಕ್ಕ ನೋಡಿದರೆ ಕಂದು ಬಣ್ಣದ ಸಾದಾ ಹುಣಸೆ ಬೀಜಕ್ಕೆ ಈ ಅಧ್ಯಯನಕ್ಕಿಂತ ಒಳ್ಳೆಯ ವಕೀಲರು ಸಿಗಲಾರರು.

ಮಾರ್ಗದರ್ಶನ ಎಂದರೆ ಏನು ಎಂಬುದು ನನಗೆ ಅರ್ಥವಾದದ್ದು ಮೂರನೇ ತರಗತಿಯ ಒಂದು ಕಳೆಯುವ ಲೆಕ್ಕದಲ್ಲಿ. ಹಲಗೆಯ ಮೇಲೆ 43ರಲ್ಲಿ 18 ಕಳೆ ಎಂದಿತ್ತು. ಹುಡುಗನೊಬ್ಬ 35 ಎಂದು ಬರೆದಿದ್ದ. ಮೂರರಲ್ಲಿ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟರಲ್ಲಿ ಮೂರು ಕಳೆದಿದ್ದ. ಟೀಚರ್ ತಪ್ಪು ಗೀಟು ಹಾಕಲಿಲ್ಲ. ತೆಂಗಿನ ಗರಿಯ ಕಡ್ಡಿಗಳ ಡಬ್ಬಿ ಅವನ ಮುಂದಿಟ್ಟು, "ನಲವತ್ಮೂರು ತಗೊಳಪ್ಪ" ಎಂದರು. ಅವನು ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ನಾಲ್ಕು ಕಟ್ಟು, ಮೂರು ಬಿಡಿ ಕಡ್ಡಿ ತೆಗೆದುಕೊಂಡ. "ಈಗ ನಂಗೆ ಹದಿನೆಂಟು ಕೊಡು." ಒಂದು ಕಟ್ಟು ಕೊಟ್ಟ. ಎಂಟು ಬಿಡಿ ಕೊಡಬೇಕು, ಕೈಯಲ್ಲಿರುವುದು ಮೂರು. ಕಡ್ಡಿ ನೋಡಿದ, ಟೀಚರ್ ಮುಖ ನೋಡಿದ. ಟೀಚರ್ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, ಕದ್ದವನ ಹಾಗೆ, ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದ. ಎಂಟು ಎಣಿಸಿ ಕೊಟ್ಟ. ಎರಡು ಕಟ್ಟು, ಐದು ಬಿಡಿ ಉಳಿದವು. ಹಲಗೆಯತ್ತ ನೋಡಿ, "ಮಿಸ್, ಸಾಲ ಅಂದ್ರೆ ಇದೇನಾ? ಇದು ನಮ್ದೇ ಅಲ್ವಾ?" ಎಂದ.

ಹತ್ತರ ಸ್ಥಾನದಿಂದ ಸಾಲ ತೆಗೆದುಕೊಳ್ಳುವುದು ಎಂದು ನಾವೆಲ್ಲ ಕಲಿತವರು. ಸಾಲ ಎಂದರೆ ವಾಪಸು ಕೊಡಬೇಕಲ್ಲ ಎಂದು ನನಗೂ ಚಿಕ್ಕಂದಿನಲ್ಲಿ ಅನುಮಾನವಿತ್ತು, ಕೇಳುವ ಧೈರ್ಯ ಇರಲಿಲ್ಲ. ಇಲ್ಲಿ ಕಲಿಸಿದ್ದು ಯಾವುದು? ಕಡ್ಡಿ ಅರ್ಧ ಕಲಿಸಿತು. ಉಳಿದರ್ಧ ಕಲಿಸಿದ್ದು ಟೀಚರ್ ಬಾಯಿ ಮುಚ್ಚಿಕೊಂಡಿದ್ದ ಆ ಒಂದು ನಿಮಿಷ. ಕಡ್ಡಿಯಿಂದ ಹಲಗೆಗೆ, ಹಲಗೆಯಿಂದ ಕಡ್ಡಿಗೆ ಮಗುವನ್ನು ಓಡಾಡಿಸದಿದ್ದರೆ ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ. ಪ್ರಥಮ್ ಸಂಸ್ಥೆ ದೇಶದುದ್ದಕ್ಕೂ ಇಂಥದೇ ಕಡ್ಡಿ ಕಟ್ಟುಗಳನ್ನು ಬಳಸುತ್ತದೆ. ನಮ್ಮ ರಾಜ್ಯದಲ್ಲಿ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ ಗಣಿತ ಕಲಿಕಾ ಆಂದೋಲನ ನಾಲ್ಕು ಮತ್ತು ಐದನೇ ತರಗತಿಗಳಿಗೆ ಇಂಥ ವಸ್ತುಗಳ ಕಿಟ್ಟನ್ನು ಕೊಟ್ಟಿತು. ಎರಡೂ ಕಡೆ ಶಿಕ್ಷಕರ ತರಬೇತಿ ಸಾಮಗ್ರಿಯ ಜೊತೆಗೇ ಇದ್ದದ್ದು ಆಕಸ್ಮಿಕವಲ್ಲ.

ಉಪಕರಣ ಸುಳ್ಳು ಹೇಳುವುದೂ ಉಂಟು. ನಮ್ಮ ಶಾಲೆಗಳಲ್ಲಿ ಬಹಳ ಜನಪ್ರಿಯವಾದ ಕಾಗುಣಿತ ಚಕ್ರವನ್ನೇ ತೆಗೆದುಕೊಳ್ಳಿ. ಎರಡು ರಟ್ಟಿನ ವೃತ್ತ, ನಡುವೆ ಒಂದು ಪಿನ್ನು. ಒಳಗಿನದರಲ್ಲಿ ವ್ಯಂಜನ, ಹೊರಗಿನದರಲ್ಲಿ ಸ್ವರ ಚಿಹ್ನೆ. ತಿರುಗಿಸಿದರೆ ಕಾ, ಕು, ಕೂ ಸಿಗಬೇಕು. ಸಿಗುತ್ತವೆ. ಆದರೆ ಕಿ ಬರೆಯುವಾಗ ಕ ಅಕ್ಷರದ ತಲೆಕಟ್ಟು ಹೋಗಿ ಆ ಜಾಗಕ್ಕೆ ಗುಡಿಸು ಬರುತ್ತದೆ, ಕೆ ಬರೆಯುವಾಗ ಏತ್ವ ಬರುತ್ತದೆ. ಚಕ್ರದಲ್ಲಿ ತಲೆಕಟ್ಟು ಇದ್ದಂತೆಯೇ ಪಕ್ಕದಲ್ಲಿ ಗುಡಿಸು ನಿಲ್ಲುತ್ತದೆ. ಪು, ವು ಬರೆಯುವಾಗ ಕೊಂಬು ಪಕ್ಕಕ್ಕೆ ನಿಲ್ಲದೆ ಕೆಳಗಿಳಿಯುತ್ತದೆ. ಮೊ, ಯೊ ಅಕ್ಷರಗಳದ್ದು ಅವುಗಳದೇ ದಾರಿ. ಜ, ಟ, ಣ, ಬ, ಲ ಅಕ್ಷರಗಳಿಗೆ ತಲೆಕಟ್ಟೇ ಇಲ್ಲ. ಚಕ್ರ ಇದಾವುದನ್ನೂ ಹೇಳುವುದಿಲ್ಲ. ಬೇರೆ ಲಿಪಿಯ ಚಕ್ರವನ್ನು ನೋಡಿ ಮಾಡಿದ್ದರ ಫಲವೋ ಏನೋ. ಒಬ್ಬ ಶಿಕ್ಷಕಿ ಇದಕ್ಕೆ ಕಂಡುಕೊಂಡ ದಾರಿ ನನಗೆ ಇಷ್ಟವಾಯಿತು. ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ತಲೆಕಟ್ಟಿಲ್ಲದ ಅಕ್ಷರದ ಮೈ ಬರೆದುಕೊಂಡು, ಸೀರೆ ಪೆಟ್ಟಿಗೆಯ ಪಾರದರ್ಶಕ ಹಾಳೆಯನ್ನು ತುಂಡು ಮಾಡಿ ಅದರ ಮೇಲೆ ತಲೆಕಟ್ಟು, ಗುಡಿಸು, ಏತ್ವ, ಓತ್ವ ಬರೆದಿದ್ದರು. ಮಕ್ಕಳು ಹಾಳೆಯನ್ನು ಅಕ್ಷರದ ಮೇಲಿಟ್ಟು ಜರುಗಿಸಿ ಹೊಂದಿಸುತ್ತಿದ್ದರು. ತಲೆಕಟ್ಟು ತೆಗೆದರೆ ಮಾತ್ರ ಗುಡಿಸಿಗೆ ಜಾಗ. ಖರ್ಚು ಸೊನ್ನೆ. ಅದರ ಹಿಂದಿನ ಕನ್ನಡ ಲಿಪಿಯ ತಿಳಿವಳಿಕೆಗೆ ಬೆಲೆ ಕಟ್ಟುವುದು ಕಷ್ಟ.

ಕಡಿಮೆ ಖರ್ಚು, ಯಾರ ಖರ್ಚು

ಆ ಶಿಕ್ಷಕಿ ಅಕ್ಷರದ ಹಾಳೆಗಳನ್ನು ಕತ್ತರಿಸಿದ್ದು ರಾತ್ರಿ, ಮನೆಯಲ್ಲಿ, ಅಡುಗೆ ಮುಗಿಸಿದ ಮೇಲೆ. ಕಡಿಮೆ ಖರ್ಚು ಎಂಬ ಮಾತಿನಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ದೊಡ್ಡ ಬಾಬತ್ತು ಇದು. ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿ, ಚುನಾವಣೆ ಎಲ್ಲ ಮುಗಿಸಿದ ಮೇಲೆ ಉಪಕರಣ ಮಾಡಲು ಉಳಿಯುವ ಸಮಯ ಶಿಕ್ಷಕರ ಸ್ವಂತದ್ದು. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಗೆ ಹೋಗಿ, ಕಸದಿಂದ ರಸ ಮಾಡಿ ಎಂದು ಉಪದೇಶ ಕೊಡಲು ನನಗೆ ಬಾಯಿ ಬರುವುದಿಲ್ಲ.

ಖಾಸಗಿ ಶಾಲೆಗಳಲ್ಲಿ ಈ ಹೊರೆ ಪಾಲಕರ ತಲೆಗೆ ಜಾರಿದೆ. ಸೌರವ್ಯೂಹದ ಮಾದರಿ ನಾಳೆ ಬೆಳಗ್ಗೆ ತರಬೇಕು ಎಂದು ಮಗು ರಾತ್ರಿ ಒಂಬತ್ತಕ್ಕೆ ಹೇಳುತ್ತದೆ. ಅಪ್ಪ ಥರ್ಮೋಕೋಲ್ ಹುಡುಕಿ ಹೊರಡುತ್ತಾನೆ, ಅಮ್ಮ ಶನಿಗೆ ಬಳೆ ತೊಡಿಸುತ್ತಾಳೆ, ಮಗು ನಿದ್ದೆ ಮಾಡುತ್ತದೆ. ಬಹುಮಾನ ಬಂದರೆ ಅದು ಅಪ್ಪನಿಗೆ ಸಲ್ಲಬೇಕು. ಅಲಂಕಾರದ ಥರ್ಮೋಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ ಎಂಬುದು ವಸ್ತುಪ್ರದರ್ಶನಗಳಿಗೆ ಇನ್ನೂ ಗೊತ್ತಾದಂತಿಲ್ಲ.

ಹಣದ ಮಾತಿಗೆ ಬಂದರೆ, ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಅಡಿ ಕೆಳ ತರಗತಿಗಳಲ್ಲಿ ಮಗುವೊಂದಕ್ಕೆ ವರ್ಷಕ್ಕೆ 500 ರೂಪಾಯಿ ವರೆಗೆ ಕಲಿಕಾ ಸಾಮಗ್ರಿಗೆ ಅವಕಾಶವಿದೆ. ಶಿಕ್ಷಕರಿಗೆ 500 ಎಂದಿದ್ದದ್ದು ಮಗುವಿಗೆ 500 ಆಗಿದೆ. ಕಾಗದದ ಮೇಲೆ ಇದು ಕಡಿಮೆಯಲ್ಲ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಜಾದೂಯಿ ಪಿಟಾರಾ ಎಂಬ ಆಟಿಕೆ ಪೆಟ್ಟಿಗೆಯನ್ನೂ ಬಿಡುಗಡೆ ಮಾಡಿತು. ಆಟಿಕೆಯ ಮೂಲಕ ಕಲಿಕೆ ಈಗ ನೀತಿಯ ಭಾಷೆಗೂ ಬಂದಿರುವುದರಿಂದ ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೂ ಒಂದು ಬಾಗಿಲು ತೆರೆಯಬಹುದು. ಹಾಲೆ ಮರದ ಬುಗುರಿ, ಮಣಿ, ಉಂಗುರಗಳಿಗಿಂತ ಗಟ್ಟಿಯಾದ ಎಣಿಕೆ ಸಾಮಗ್ರಿ ಬೇಕೆ? ಆದರೆ ಖರೀದಿ ಮೇಲಿನಿಂದ ಆದರೆ ಮತ್ತೆ ಅದೇ ಪೆಟ್ಟಿಗೆ, ಅದೇ ದಾಸ್ತಾನು ವಹಿ.

ಇನ್ನೊಂದು ಕಡೆ ಅಟಲ್ ಟಿಂಕರಿಂಗ್ ಲ್ಯಾಬ್ ಸಿಗುವ ಪ್ರೌಢಶಾಲೆಗೆ 20 ಲಕ್ಷ ರೂಪಾಯಿ ವರೆಗೆ ಅನುದಾನ. ತ್ರೀಡಿ ಪ್ರಿಂಟರ್ ಇರುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬಡ ಮಕ್ಕಳಿಗೆ ಬೆಂಕಿಕಡ್ಡಿ, ಆಯ್ದ ಕೆಲವರಿಗೆ ರೋಬೊ ಎಂದಾದರೆ ಕಡಿಮೆ ಖರ್ಚು ಎಂಬುದು ಬೋಧನಾ ಕ್ರಮವಾಗಿ ಉಳಿಯದೆ ಸರ್ಕಾರದ ಜಿಪುಣತನಕ್ಕೆ ಹೊದಿಸಿದ ಶಾಲು ಆಗುತ್ತದೆ. ಸೂಕ್ಷ್ಮದರ್ಶಕ, ತಕ್ಕಡಿ, ಒಳ್ಳೆಯ ಭೂಪಟ, ಓದಲು ಕಥೆ ಪುಸ್ತಕ ಇವಕ್ಕೆ ಕಸದಲ್ಲಿ ಬದಲಿ ಇಲ್ಲ. ಕೊಳ್ಳಬೇಕಾದ್ದನ್ನು ಕೊಳ್ಳಲೇಬೇಕು.

ಕಸಕ್ಕೂ ಒಂದು ಚರಿತ್ರೆ ಇದೆ, ಇದನ್ನು ಕೈಪಿಡಿ ಬರೆಯುವವರು ಮರೆಯುತ್ತಾರೆ. ಒಂದು ಕಾಲದ ಪ್ರಯೋಗಗಳೆಲ್ಲ ಫಿಲ್ಮ್ ರೋಲಿನ ಕಪ್ಪು ಡಬ್ಬಿಯ ಮೇಲೆ ನಿಂತಿದ್ದವು. ಸ್ಟುಡಿಯೊಗಳಲ್ಲಿ ಈಗ ಆ ಡಬ್ಬಿ ಇಲ್ಲ. ವಾಲ್‌ಟ್ಯೂಬ್ ಕೇಳಿದರೆ ಸೈಕಲ್ ಅಂಗಡಿಯ ಹುಡುಗ ಮುಖ ನೋಡುತ್ತಾನೆ. ಪೆನ್ನಿನ ರೀಫಿಲ್, ಇಂಜೆಕ್ಷನ್ ಸಿರಿಂಜು ಸಿಗುತ್ತವೆ, ಆದರೆ ಬಳಸಿದ ಸಿರಿಂಜು ಮಕ್ಕಳ ಕೈಗೆ ಕೊಡಬಾರದು. ಒಡೆದ ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸವಿರುತ್ತದೆ. ಗುಂಡಿಯಂಥ ಸಣ್ಣ ಬ್ಯಾಟರಿ ನುಂಗಿದರೆ ಜೀವಕ್ಕೇ ಅಪಾಯ. ನಮ್ಮ ಹುಣಸೆ ಬೀಜವೂ ಪೂರ್ತಿ ಸಾಧುವಲ್ಲ, ಅಂಗನವಾಡಿಯ ಪುಟ್ಟ ಮೂಗಿನೊಳಗೆ ಅದು ಎಷ್ಟು ಸಲೀಸಾಗಿ ಹೋಗುತ್ತದೆ ಎಂದು ಯಾವ ಅಂಗನವಾಡಿ ಟೀಚರನ್ನು ಕೇಳಿದರೂ ಹೇಳುತ್ತಾರೆ. ಸಣ್ಣ ಮಕ್ಕಳಿಗೆ ಬೀಜದ ಬದಲು ಬಾಟಲಿ ಮುಚ್ಚಳ ಸಾಕು.

ಹಾಗಾದರೆ ಯಾವ ಉಪಕರಣ ಒಳ್ಳೆಯದು? ತರಗತಿಯ ಎಲ್ಲ ಮಕ್ಕಳಿಗೂ ಒಂದೊಂದು ಸಿಗುವಷ್ಟು ಇರುವುದು. ಮೇಷ್ಟರು ಎತ್ತಿ ತೋರಿಸುವ ಒಂದು ದೊಡ್ಡ ಗಡಿಯಾರಕ್ಕಿಂತ ಮೂವತ್ತು ಮಕ್ಕಳ ಕೈಯಲ್ಲಿರುವ ಮೂವತ್ತು ರಟ್ಟಿನ ಗಡಿಯಾರ ಮೇಲು. ಹರಿದರೆ ಯಾರೂ ಅಳಬಾರದು. ಮಗುವೇ ಇನ್ನೊಂದು ಮಾಡಿಕೊಳ್ಳುವಂತಿರಬೇಕು. ಕಾಲು, ಅರ್ಧ, ಮುಕ್ಕಾಲು ಕಲಿಸಲು ಬಣ್ಣದ ಪ್ಲಾಸ್ಟಿಕ್ ತುಣುಕು ಬೇಡ. ಹಳೆಯ ಪತ್ರಿಕೆಯ ಹಾಳೆ ಮಡಿಸಿದರೆ ಸಾಕು. ಮಡಿಕೆ ಸರಿಯಾಗಿ ಕೂಡದಿದ್ದರೆ ಅರ್ಧ ಅರ್ಧವಲ್ಲ ಎಂದು ಹಾಳೆಯೇ ಹೇಳುತ್ತದೆ. ಇಷ್ಟೆಲ್ಲ ಆಗಬೇಕಾದರೆ ಇಲಾಖೆ ಮಾಡಬೇಕಾದ್ದು ಒಂದು ಸಣ್ಣ ಕೆಲಸ: ಸವೆದು, ಒಡೆದು, ಮುಗಿದ ಸಾಮಗ್ರಿಯನ್ನು ನಷ್ಟ ಎಂದು ಬರೆಯದೆ ಬಳಕೆ ಎಂದು ಬರೆಯಲು ಒಪ್ಪುವುದು. ಅದರ ಜೊತೆ, ತಿಂಗಳಿಗೆ ಅರ್ಧ ದಿನ ಶಿಕ್ಷಕರಿಗೆ ಬೇರೆ ಕೆಲಸ ಹೇಳದೆ ಬಿಡುವುದು.

ಕ್ಲಸ್ಟರ್ ಮಟ್ಟದ ಕಲಿಕೋಪಕರಣ ಮೇಳಗಳಿಗೆ ನಾನು ಆಗಾಗ ಹೋಗುತ್ತೇನೆ. ಮೇಜಿನ ಮೇಲೆ ಮಿಂಚುಪಟ್ಟಿ, ಗೋಳ, ಅಬ್ಯಾಕಸ್, ಗ್ಲೇಸ್ ಪೇಪರಿನ ಹೂವು, ಎಲ್ಲ ಹೊಸವು, ಹಿಂದಿನ ರಾತ್ರಿ ಅಂಟಿಸಿದ ಗೋಂದಿನ ವಾಸನೆ ಇನ್ನೂ ಹೋಗಿರುವುದಿಲ್ಲ. ತೀರ್ಪುಗಾರರು ಅಂದ ನೋಡಿ ಅಂಕ ಹಾಕುತ್ತಾರೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ (ಸಿ.ಆರ್.ಪಿ.), ಮೇಳ ನಡೆಸುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಒಂದು ಮೇಜು ಬೇರೆ ಹಾಕಿಸಿ. ಅಂಚು ಹರಿದ ಕಾರ್ಡು, ಮಕ್ಕಳ ಬೆವರಿಗೆ ಕಪ್ಪಾದ ಕಡ್ಡಿ ಕಟ್ಟು, ಅರ್ಧ ಬೀಜ ಕಳೆದುಹೋದ ಡಬ್ಬಿ ಇರುವವರು ಅವನ್ನು ಹಾಗೇ ತಂದು ಅಲ್ಲಿಡಲಿ, ಮೊದಲ ಬಹುಮಾನ ಆ ಮೇಜಿಗೆ ಕೊಡಿ.